ಕಾಫಿ ಕಣದ ಪಕ್ಕದ ಡೆಸ್ಕ್‌ಟಾಪ್‌ಗೆ ಗಾಳಿಯ ಹಾದಿ

ಚಿಕ್ಕಮಗಳೂರಿನಿಂದ ಮೂಡಿಗೆರೆಯ ಕಡೆಗೆ ಹೊರಟರೆ ಊರು ಮುಗಿದು ತೋಟಗಳು ಶುರುವಾಗುವಲ್ಲಿ ನಮ್ಮ ಮನೆ ಇದೆ. ಮನೆಯ ಎದುರಿಗೆ ಕಾಫಿ ಒಣಗಿಸುವ ಕಣ, ಕಣದ ಕಡೆಗೆ ತೆರೆಯುವ ಕಿಟಕಿಯ ಕೋಣೆಯಲ್ಲಿ ನನ್ನ ತಮ್ಮನ ಡೆಸ್ಕ್‌ಟಾಪ್ ಕಂಪ್ಯೂಟರ್. ಮದುವೆ, ಗೃಹಪ್ರವೇಶಗಳ ವಿಡಿಯೊಗಳನ್ನು ಎಡಿಟ್ ಮಾಡಿ ಕೊಡುವುದು ಅವನ ವೃತ್ತಿಯಾದ್ದರಿಂದ ಈ ಯಂತ್ರ ದಿನದ ಹೆಚ್ಚು ಹೊತ್ತು ಪೂರ್ಣ ಹೊರೆಯಲ್ಲಿಯೇ ಓಡುತ್ತದೆ. ಮಾರ್ಚ್ ತಿಂಗಳ ಬಿಸಿಲು ಏರಿದಂತೆ ಅದರ ದೂರು ಸ್ಪಷ್ಟವಾಯಿತು: ರೆಂಡರ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಕಡತವಾಗಿ ಮಾಡುವ ಕೆಲಸ) ಶುರುವಾದ ಕೆಲವೇ ನಿಮಿಷಗಳಲ್ಲಿ ಫ್ಯಾನ್‌ಗಳ ಸದ್ದು ಪಕ್ಕದ ಕೋಣೆಗೂ ಕೇಳಿಸುವಷ್ಟು ಏರುತ್ತಿತ್ತು, ಆನಂತರ ರೆಂಡರ್‌ನ ವೇಗ ಇಳಿಯುತ್ತಿತ್ತು, ಸಂಜೆಯ ತಂಪಿನಲ್ಲಿ ಮುಗಿಯುವ ಕೆಲಸ ಮಧ್ಯಾಹ್ನ ಗಂಟೆಗಟ್ಟಲೆ ಎಳೆಯುತ್ತಿತ್ತು. ಹೊಸ ಪ್ರೊಸೆಸರ್ ಕೊಳ್ಳಬೇಕೇ ಎಂಬ ಮಾತೂ ಬಂದಿತ್ತು. ಕೊಳ್ಳುವ ಮೊದಲು ಇರುವ ಯಂತ್ರಕ್ಕೆ ಸರಿಯಾಗಿ ಉಸಿರಾಡಲು ಬಿಟ್ಟು ನೋಡೋಣ ಎಂದು ಕೈಗೆತ್ತಿಕೊಂಡ ಕೆಲಸದ ವಿವರ ಇಲ್ಲಿದೆ.

ಯಂತ್ರದ ಒಳಗಿರುವುದು ಇಂಟೆಲ್ ಐ5-8400 ಪ್ರೊಸೆಸರ್. ಆರು ಕೋರ್‌ಗಳು, 65 ವಾಟ್ ಟಿಡಿಪಿ (ಕೂಲರ್ ಹೊರಹಾಕಬೇಕಾದ ಶಾಖದ ಅಂದಾಜು), ಎಲ್ಲ ಕೋರ್‌ಗಳೂ ದುಡಿಯುವಾಗ 3.8 ಗಿಗಾಹರ್ಟ್ಸ್‌ವರೆಗಿನ ವೇಗ. ಜೊತೆಗೆ 125 ವಾಟ್‌ನ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಇದೆ. ಮದರ್‌ಬೋರ್ಡ್, ರ‍್ಯಾಮ್, ಡಿಸ್ಕ್‌ಗಳು, ಎಸ್‌ಎಂಪಿಎಸ್‌ನ (ವಿದ್ಯುತ್ ಪೂರೈಸುವ ಪೆಟ್ಟಿಗೆಯ) ನಷ್ಟ ಎಲ್ಲ ಸೇರಿದರೆ ಭಾರೀ ಕೆಲಸದ ಹೊತ್ತಿನಲ್ಲಿ ಒಟ್ಟು 250 ವಾಟ್‌ನ ಆಸುಪಾಸು ಶಾಖ ಹುಟ್ಟುತ್ತದೆ ಎಂದು ಲೆಕ್ಕ ಹಾಕಿಕೊಂಡೆ. ಕಂಪ್ಯೂಟರ್ ಎಳೆದುಕೊಳ್ಳುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಆ ಶಾಖವನ್ನು ಲೋಹದಿಂದ ಗಾಳಿಗೆ ದಾಟಿಸುವುದು ಒಂದು ಕೆಲಸ, ಬಿಸಿಯಾದ ಗಾಳಿಯನ್ನು ಕ್ಯಾಬಿನೆಟ್‌ನಿಂದ ಆಚೆ ಹಾಕಿ ತಣ್ಣನೆಯ ಗಾಳಿಯನ್ನು ಒಳಗೆ ತರುವುದು ಇನ್ನೊಂದು ಕೆಲಸ. ಅಂಗಡಿಯಲ್ಲಿ ವಿಚಾರಿಸಿದರೆ ಮೊದಲನೆಯದಕ್ಕೆ ದೊಡ್ಡ ಕೂಲರ್ ತೋರಿಸುತ್ತಾರೆ. ಎರಡನೆಯದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ, ಮತ್ತು ನಾನು ನೋಡಿದ ಬಿಸಿಯೇರುವ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವುಗಳ ತೊಂದರೆ ಇರುವುದು ಈ ಎರಡನೆಯದರಲ್ಲಿಯೇ.

ಯಾವುದನ್ನೂ ಬಿಚ್ಚುವ ಮೊದಲು ಅಳತೆ ತೆಗೆದುಕೊಂಡೆ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಪ್ರೊಸೆಸರ್‌ನ ತಾಪಮಾನ, ಅದರ ವೇಗ, ಗ್ರಾಫಿಕ್ಸ್ ಕಾರ್ಡ್‌ನ ತಾಪಮಾನ, ಪ್ರತಿ ಫ್ಯಾನ್‌ನ ಸುತ್ತು ಇವೆಲ್ಲ ಒಂದೇ ಪರದೆಯಲ್ಲಿ ಕಾಣುತ್ತವೆ. ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕೋಣೆಯ ಗಾಳಿಯನ್ನು ಅಳೆಯಲು ಇಟ್ಟುಕೊಂಡೆ. ಪ್ರತಿ ಬದಲಾವಣೆಯ ನಂತರ ಅದೇ ವಿಡಿಯೊವನ್ನು, ಅದೇ ಸೆಟ್ಟಿಂಗ್‌ಗಳಲ್ಲಿ, ಅರ್ಧ ಗಂಟೆ ರೆಂಡರ್‌ಗೆ ಹಾಕಿ ಕೊನೆಯಲ್ಲಿ ನಿಂತ ಅಂಕಿಯನ್ನು ಮಾತ್ರ ಬರೆದುಕೊಂಡೆ, ಏಕೆಂದರೆ ಹೀಟ್‌ಸಿಂಕ್‌ನ, ಅಂದರೆ ಪ್ರೊಸೆಸರ್‌ನ ಶಾಖ ಹೀರಿಕೊಳ್ಳುವ ರೆಕ್ಕೆಗಳ, ಲೋಹ ಮತ್ತು ಕ್ಯಾಬಿನೆಟ್‌ನ ಒಳಗಾಳಿ ಎರಡೂ ಕಾದು ಒಂದು ಮಟ್ಟಕ್ಕೆ ನಿಲ್ಲಲು ಅಷ್ಟು ಹೊತ್ತು ಬೇಕು. ಐದು ನಿಮಿಷದ ಅಳತೆ ಯಾವಾಗಲೂ ಆಶಾದಾಯಕವಾಗಿಯೇ ಇರುತ್ತದೆ. ಕೋಣೆಯ ತಾಪಮಾನ 28 ಡಿಗ್ರಿ ಇರುವ ಹೊತ್ತನ್ನೇ ನೋಡಿ ಅಳೆದಿದ್ದರಿಂದ ಮುಂದಿನ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ಕೋಣೆ ಬಿಸಿಯಾದರೆ ಪ್ರೊಸೆಸರ್‌ನ ತಾಪಮಾನವೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಏರುವುದರಿಂದ, ಕೋಣೆಯ ತಾಪಮಾನ ಬರೆಯದ ಅಳತೆಗೆ ಅರ್ಥವಿಲ್ಲ.

ಮೊದಲ ಅಳತೆ ಹೀಗಿತ್ತು. ಕೆಲಸವಿಲ್ಲದೆ ಕುಳಿತಾಗ ಪ್ರೊಸೆಸರ್ 54 ಡಿಗ್ರಿ. ರೆಂಡರ್ ಶುರುವಾದ ಸ್ವಲ್ಪ ಹೊತ್ತಿಗೇ 100 ಡಿಗ್ರಿ, ಅಲ್ಲಿಂದ ಮೇಲೆ ಏರಲಿಲ್ಲ. ಏರಲಿಲ್ಲ ಎಂಬುದು ಸಮಾಧಾನದ ವಿಷಯವಲ್ಲ. ಈ ಪ್ರೊಸೆಸರ್‌ನ ಮಿತಿ 100 ಡಿಗ್ರಿ. ಅದನ್ನು ಮುಟ್ಟಿದ ಕೂಡಲೇ ಅದು ತನ್ನ ವೇಗವನ್ನು ತಾನೇ ತಗ್ಗಿಸಿ ಶಾಖವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಹಾಗಾಗಿ ಮಿತಿ ಮುಟ್ಟಿದ ಯಂತ್ರದಲ್ಲಿ ತಾಪಮಾನವನ್ನು ನೋಡಿ ಪ್ರಯೋಜನವಿಲ್ಲ, ವೇಗವನ್ನು ನೋಡಬೇಕು. 3.8 ಇರಬೇಕಾದ ವೇಗ 3.0 ಗಿಗಾಹರ್ಟ್ಸ್‌ಗೆ ಇಳಿದಿತ್ತು. ತಮ್ಮ ಹೇಳುತ್ತಿದ್ದ ನಿಧಾನ ಇದೇ. ಗ್ರಾಫಿಕ್ಸ್ ಕಾರ್ಡ್ 83 ಡಿಗ್ರಿಯಲ್ಲಿ ನಿಂತು ತನ್ನ ಫ್ಯಾನ್‌ಗಳನ್ನು ಪೂರ್ತಿ ವೇಗದ ಹತ್ತಿರ ಓಡಿಸುತ್ತಿತ್ತು.

ಕಾಸು ಖರ್ಚಿಲ್ಲದ ಬದಲಾವಣೆಯಿಂದ ಶುರುಮಾಡಿದೆ. ಕ್ಯಾಬಿನೆಟ್ ಇದ್ದದ್ದು ಕಂಪ್ಯೂಟರ್ ಟೇಬಲ್‌ನ ಕೆಳಗೆ ಅದಕ್ಕೆಂದೇ ಮಾಡಿದ ಮರದ ಗೂಡಿನಲ್ಲಿ. ಎರಡು ಪಕ್ಕ, ತಲೆ, ಬೆನ್ನು ನಾಲ್ಕೂ ಮುಚ್ಚಿದ ಗೂಡು. ವೈರ್‌ಗಳಿಗೆಂದು ಹಿಂದೆ ಒಂದು ದುಂಡನೆಯ ತೂತು ಮಾತ್ರ. ಹಿಂದಿನ ಫ್ಯಾನ್ ಹೊರದೂಡಿದ ಬಿಸಿಗಾಳಿ ಹಲಗೆಗೆ ಬಡಿದು, ಕ್ಯಾಬಿನೆಟ್‌ನ ಎರಡು ಪಕ್ಕಗಳ ಸಂದಿನಲ್ಲಿ ಮುಂದಕ್ಕೆ ಬಂದು, ಮತ್ತೆ ಮುಂಭಾಗದಿಂದ ಒಳಗೇ ಹೋಗುತ್ತಿತ್ತು. ಥರ್ಮಾಮೀಟರ್‌ನ ತುದಿಯನ್ನು ಕ್ಯಾಬಿನೆಟ್‌ನ ಮುಂಭಾಗದ ಸಂದಿನ ಎದುರು ಹಿಡಿದಾಗ ಅದು 39 ಡಿಗ್ರಿ ತೋರಿಸಿತು. ಕೋಣೆಯಲ್ಲಿ 28, ಕಂಪ್ಯೂಟರ್ ಎಳೆದುಕೊಳ್ಳುವ ಗಾಳಿ 39. ಅದೇ ಗೂಡಿನಲ್ಲಿ ಯುಪಿಎಸ್ ಕೂಡ ಇತ್ತು. ನಮ್ಮ ಕಡೆ ಕರೆಂಟ್ ಹೋಗಿ ಬಂದಾಗಲೆಲ್ಲ ಅದರ ಬ್ಯಾಟರಿ ಚಾರ್ಜ್ ಆಗುವಾಗ ಅದೂ ತನ್ನ ಪಾಲಿನ ಬಿಸಿಯನ್ನು ಅಲ್ಲೇ ಸುರಿಯುತ್ತದೆ. ಎರಡನ್ನೂ ಹೊರತೆಗೆದು, ಕ್ಯಾಬಿನೆಟ್ಟನ್ನು ಟೇಬಲ್‌ನ ಪಕ್ಕದಲ್ಲಿ ಒಂದು ಗೇಣು ಎತ್ತರದ ಮರದ ಮಣೆಯ ಮೇಲೆ, ಹಿಂದಿನ ಗೋಡೆಗೆ ಮತ್ತೊಂದು ಗೇಣು ಜಾಗ ಬಿಟ್ಟು ನಿಲ್ಲಿಸಿದೆ. ನೆಲದ ಮೇಲೆ ನೇರವಾಗಿ ಇಡದೆ ಮಣೆಯ ಮೇಲಿಟ್ಟದ್ದಕ್ಕೆ ಕಾರಣವಿದೆ: ಗುಡಿಸುವಾಗ ಏಳುವ ಧೂಳು ನೆಲದ ಸಮೀಪದಲ್ಲೇ ಹೆಚ್ಚು ಓಡಾಡುತ್ತದೆ, ಮತ್ತು ಎಸ್‌ಎಂಪಿಎಸ್‌ನ ಫ್ಯಾನ್ ಕೆಳಮುಖವಾಗಿ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಇಷ್ಟರಿಂದಲೇ ಪ್ರೊಸೆಸರ್‌ನ ವೇಗ 3.4ಕ್ಕೆ ಏರಿತು, ಗ್ರಾಫಿಕ್ಸ್ ಕಾರ್ಡ್ 79ಕ್ಕೆ ಇಳಿಯಿತು. ಪ್ರೊಸೆಸರ್ ಇನ್ನೂ 100 ಮುಟ್ಟುತ್ತಲೇ ಇತ್ತು.

ತೊಂದರೆ ಕೂಲರ್‌ನದೋ ಕ್ಯಾಬಿನೆಟ್‌ನ ಗಾಳಿಯದೋ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಕ್ಯಾಬಿನೆಟ್‌ನ ಪಕ್ಕದ ಬಾಗಿಲನ್ನು ತೆಗೆದಿಟ್ಟು ಅದೇ ರೆಂಡರ್ ಓಡಿಸಬೇಕು. ತಾಪಮಾನ ಬಹಳ ಇಳಿದರೆ ಒಳಗಿನ ಗಾಳಿ ಬಿಸಿಯಾಗಿತ್ತು, ಅಂದರೆ ಗಾಳಿಯ ಹಾದಿ ಕಟ್ಟಿದೆ. ಇಳಿಯದಿದ್ದರೆ ಹೀಟ್‌ಸಿಂಕ್, ಅದಕ್ಕೂ ಪ್ರೊಸೆಸರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಅಥವಾ ಕೂಲರ್‌ನ ಫ್ಯಾನ್ ತನ್ನ ಕೆಲಸ ಮಾಡುತ್ತಿಲ್ಲ. ನಮ್ಮ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡ್ 79ರಿಂದ 72ಕ್ಕೆ ಇಳಿಯಿತು. ಪ್ರೊಸೆಸರ್ 96ಕ್ಕೆ ನಿಂತು ವೇಗ 3.8ಕ್ಕೆ ಮರಳಿತು. ಕಾರ್ಡ್‌ಗೆ ಬೇಕಿದ್ದದ್ದು ಗಾಳಿ; ಪ್ರೊಸೆಸರ್‌ಗೆ ಗಾಳಿಯೂ ಬೇಕು, ಕೂಲರ್‌ನ ಆರೈಕೆಯೂ ಬೇಕು. ಬಾಗಿಲು ತೆಗೆದೇ ಬಳಸುವವರನ್ನು ನಾನು ಬಹಳ ಕಡೆ ನೋಡಿದ್ದೇನೆ. ನಮ್ಮಂಥ ಕಣದ ಪಕ್ಕದ ಮನೆಗಳಲ್ಲಿ ಅದು ಪರಿಹಾರವಾಗಲಾರದು. ಒಂದೇ ಸುಗ್ಗಿಯಲ್ಲಿ ಮದರ್‌ಬೋರ್ಡ್‌ನ ಮೇಲೆ ಧೂಳು ಹಾಸಿಕೊಂಡುಬಿಡುತ್ತದೆ.

ಆ ಧೂಳಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಪ್ರೊಸೆಸರ್ ಕೂಲರ್‌ನ ಫ್ಯಾನನ್ನು ಬಿಡಿಸಿದಾಗ ಅದರ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳು ಕಾಣಲೇ ಇಲ್ಲ. ಕಂಬಳಿಯ ತುಂಡಿನಂತೆ ಹೆಣೆದುಕೊಂಡ ಬೂದು ಪದರವೊಂದು ರೆಕ್ಕೆಗಳ ಬಾಯನ್ನು ಪೂರ್ತಿ ಮುಚ್ಚಿತ್ತು. ಚಿಮುಟದಿಂದ ಅಂಚನ್ನು ಹಿಡಿದೆತ್ತಿದರೆ ಅದು ಒಂದೇ ಹಾಳೆಯಾಗಿ ಮೇಲೆ ಬಂತು. ಬಿಳಿ ಕಾಗದದ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿದೆ: ತಳಪಾಯವಾಗಿ ಬಟ್ಟೆಯ ಎಳೆಗಳು ಮತ್ತು ಕೂದಲು, ಅವುಗಳ ನಡುವೆ ಸಿಕ್ಕಿಕೊಂಡ ಕೆಮ್ಮಣ್ಣಿನ ನುಣುಪು ಪುಡಿ, ಅಲ್ಲಲ್ಲಿ ಕಂದು ಬಣ್ಣದ ತೆಳ್ಳನೆಯ ಚೂರುಗಳು. ಆ ಚೂರುಗಳು ಒಣಗಿದ ಕಾಫಿ ಹಣ್ಣಿನ ಸಿಪ್ಪೆಯವು. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ಹೊತ್ತಿಗೆ ಫೆಬ್ರುವರಿ ದಾಟಿರುತ್ತದೆ. ಅಷ್ಟೂ ಕಾಲ ಕಣದಲ್ಲಿ ಚೆರ್ರಿಯನ್ನು ದಿನಕ್ಕೆ ಹಲವು ಸಲ ಕೈಯಾಡಿಸುತ್ತಾರೆ, ಒಣಗಿದ್ದನ್ನು ಗುಡ್ಡೆ ಮಾಡಿ ಮೂಟೆಗೆ ತುಂಬುತ್ತಾರೆ, ಪ್ರತಿ ಸಲವೂ ಏಳುವ ಹುಡಿ ಕಿಟಕಿಯಿಂದ ಒಳಗೆ ಬರುತ್ತದೆ. ಎಳೆಗಳಿಲ್ಲದಿದ್ದರೆ ಈ ಹುಡಿಯ ಬಹುಪಾಲು ರೆಕ್ಕೆಗಳ ನಡುವಿನಿಂದ ಹಾರಿಹೋಗುತ್ತಿತ್ತು. ಮೊದಲು ಎಳೆಗಳು ಬಂದು ಅಡ್ಡಲಾಗಿ ಬಲೆ ಕಟ್ಟುತ್ತವೆ, ಆಮೇಲೆ ಬಂದದ್ದೆಲ್ಲ ಅದರಲ್ಲಿ ನಿಲ್ಲುತ್ತದೆ.

ಸ್ವಚ್ಛ ಮಾಡುವ ಕೆಲಸವನ್ನು ಮನೆಯ ಒಳಗೆ ಮಾಡದೆ ಜಗಲಿಗೆ ತಂದೆ. ವಿದ್ಯುತ್ ಸಂಪರ್ಕ ತೆಗೆದು, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಇಳಿಸಿ, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿಕೊಂಡೇ ಕೆಲಸ ಮಾಡಿದೆ. ಬ್ಲೋವರ್‌ನಿಂದ ಗಾಳಿ ಹೊಡೆಯುವಾಗ ಪ್ರತಿ ಫ್ಯಾನ್‌ನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಬೇಕು. ಬ್ಲೋವರ್‌ನ ರಭಸಕ್ಕೆ ಫ್ಯಾನ್ ತನ್ನ ಮಿತಿಗಿಂತ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಜೊತೆಗೆ ತಿರುಗುವ ಮೋಟಾರು ಜನರೇಟರ್‌ನಂತೆ ವರ್ತಿಸಿ ಮದರ್‌ಬೋರ್ಡ್‌ಗೆ ಹಿಮ್ಮುಖವಾಗಿ ವೋಲ್ಟೇಜ್ ಕಳಿಸಬಹುದು. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್‌ನ ಪ್ಲಾಸ್ಟಿಕ್ ಮೂತಿಯನ್ನು ಬೋರ್ಡ್‌ನ ಹತ್ತಿರ ತರಬಾರದು, ಅಲ್ಲಿ ಸ್ಥಿರ ವಿದ್ಯುತ್ ಕೂಡುತ್ತದೆ. ಮೂಲೆಗಳಿಗೆ ಮೆತ್ತನೆಯ ಪೇಂಟಿಂಗ್ ಬ್ರಷ್ ಸಾಕು. ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಲು ಹೋಗಲಿಲ್ಲ. ಅದರ ರೆಕ್ಕೆಗಳ ತುದಿಯಿಂದ ಗಾಳಿ ಹಾಯಿಸಿದ್ದಷ್ಟೇ ಸಾಕಾಯಿತು.

ಹಳೆಯ ಕೂಲರನ್ನು ತೆಗೆದಾಗ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹೊಪ್ಪಳೆಯ ಹಾಗೆ ಬಿರುಕು ಬಿಟ್ಟಿತ್ತು, ಮತ್ತು ಕೂಲರನ್ನು ಬೋರ್ಡ್‌ಗೆ ಹಿಡಿಯುವ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಪೂರ್ತಿ ಕಚ್ಚಿಕೊಂಡಿರಲಿಲ್ಲ. ಒಂದು ಮೂಲೆ ಸಡಿಲವಾದರೆ ಆ ಕಡೆ ಲೋಹಕ್ಕೂ ಲೋಹಕ್ಕೂ ನಡುವೆ ಪೇಸ್ಟ್ ದಪ್ಪಗಾಗುತ್ತದೆ. ಪೇಸ್ಟ್ ಗಾಳಿಗಿಂತ ಉತ್ತಮ ವಾಹಕ, ಆದರೆ ತಾಮ್ರದ ಮುಂದೆ ಬಹಳ ದುರ್ಬಲ ವಾಹಕ; ಕಣ್ಣಿಗೆ ಕಾಣದ ಉಬ್ಬುತಗ್ಗುಗಳನ್ನು ತುಂಬುವಷ್ಟು ತೆಳುವಾಗಿದ್ದರೆ ಮಾತ್ರ ಅದರಿಂದ ಉಪಯೋಗ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಎರಡೂ ಮೇಲ್ಮೈಗಳನ್ನು ಒರೆಸಿ, ನಡುವೆ ಬಟಾಣಿ ಗಾತ್ರದ ಹೊಸ ಪೇಸ್ಟ್ ಇಟ್ಟು, ಅದೇ ಹಳೆಯ ಕೂಲರನ್ನು ನಾಲ್ಕು ಪಿನ್‌ಗಳೂ ಟಕ್ಕೆಂದು ಕೂರುವಂತೆ ಒತ್ತಿದೆ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಈ ಪ್ರೊಸೆಸರ್‌ನ ಎಲ್‌ಜಿಎ ಸಾಕೆಟ್‌ನಲ್ಲಿ ಲೋಹದ ಚೌಕಟ್ಟು ಪ್ರೊಸೆಸರನ್ನು ಹಿಡಿದಿರುತ್ತದೆ. ಎಎಂಡಿಯ ಎಎಂ4 ಸಾಕೆಟ್‌ನಲ್ಲಿ ಹಾಗಿಲ್ಲ. ಒಣಗಿದ ಪೇಸ್ಟ್‌ಗೆ ಅಂಟಿಕೊಂಡು ಪ್ರೊಸೆಸರ್ ಕೂಲರ್‌ನೊಂದಿಗೇ ಕಿತ್ತುಬಂದು ಪಿನ್‌ಗಳು ಬಾಗಬಹುದು. ಅಂಥ ಯಂತ್ರವನ್ನು ಮೊದಲು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಆರಿಸಿ, ಕೂಲರನ್ನು ಎಡಬಲಕ್ಕೆ ನಿಧಾನವಾಗಿ ತಿರುಚುತ್ತಾ ಬಿಡಿಸಬೇಕು.

ಸ್ವಚ್ಛತೆ ಮತ್ತು ಪೇಸ್ಟ್‌ನ ನಂತರ, ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ, ಪ್ರೊಸೆಸರ್ 90 ಡಿಗ್ರಿ, ವೇಗ ಪೂರ್ಣ 3.8, ಗ್ರಾಫಿಕ್ಸ್ ಕಾರ್ಡ್ 77.

ಇನ್ನು ಈ ಕೆಲಸದ ಮುಖ್ಯ ಭಾಗಕ್ಕೆ ಬರುತ್ತೇನೆ. ಕ್ಯಾಬಿನೆಟ್‌ನ ಮುಂಭಾಗ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಹಲಗೆ, ಅದರ ಹಿಂದೆ ಬಣ್ಣದ ದೀಪವಿರುವ 120 ಎಂ.ಎಂ.ನ ಎರಡು ಫ್ಯಾನ್‌ಗಳು. ಗಾಳಿ ಬರಬೇಕಾದದ್ದು ಹಲಗೆಯ ಎರಡು ಪಕ್ಕಗಳಲ್ಲಿ ಇರುವ ಸಂದಿನಿಂದ. ಸ್ಕೇಲ್ ಇಟ್ಟು ಅಳೆದರೆ ಸಂದಿನ ಅಗಲ 6 ಎಂ.ಎಂ., ಎತ್ತರ 38 ಸೆಂ.ಮೀ.; ಎರಡೂ ಕೂಡಿ ಸುಮಾರು 46 ಚದರ ಸೆಂ.ಮೀ. 120 ಎಂ.ಎಂ. ಫ್ಯಾನ್‌ನ ನಡುವಿನ ಮೋಟಾರಿನ ಗುಂಡನ್ನು ಕಳೆದರೆ ಗಾಳಿ ಹಾಯುವ ಜಾಗ ಸುಮಾರು 93 ಚದರ ಸೆಂ.ಮೀ., ಎರಡಕ್ಕೆ 186. ಅಂದರೆ ಫ್ಯಾನ್‌ಗಳ ಬಾಯಿಯ ಕಾಲು ಭಾಗದಷ್ಟು ಮಾತ್ರ ಹಾದಿ, ಅದೂ ಒಳಗೆ ಬಂದೊಡನೆ ಲಂಬಕೋನದಲ್ಲಿ ತಿರುಗಬೇಕಾದ ಹಾದಿ. ಹೊಗೆಗೂಡು ಎಷ್ಟೇ ದೊಡ್ಡದಿರಲಿ, ಬಾಗಿಲು ಕಿಟಕಿ ಮುಚ್ಚಿದ ಅಡುಗೆಮನೆಯಿಂದ ಹೊಗೆ ಏಳುವುದಿಲ್ಲ. ಒಳಬರುವ ಗಾಳಿಯಿಲ್ಲದೆ ಹೊರಹೋಗುವ ಗಾಳಿಯೂ ಇಲ್ಲ. ಹಿಂದೆ ಎಷ್ಟು ಬಲವಾದ ಫ್ಯಾನ್ ಕೂರಿಸಿದರೂ ಮುಂದಿನ ಆ ಸಂದು ಅಷ್ಟೇ ಇರುತ್ತದೆ.

ಗಾಳಿ ನಿಜವಾಗಿ ಎತ್ತ ಹೋಗುತ್ತಿದೆ ಎಂದು ನೋಡಲು ಊದುಬತ್ತಿಗಿಂತ ಒಳ್ಳೆಯ ಸಾಧನವಿಲ್ಲ. ಕೋಣೆಯ ಸೀಲಿಂಗ್ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಹೊಗೆಯ ಎಳೆಯನ್ನು ಸಂದಿನ ಮೇಲಿನ ತುದಿಯಿಂದ ಕೆಳಗಿನವರೆಗೆ ನಿಧಾನವಾಗಿ ಇಳಿಸಿದೆ. ಕೆಳಗಿನ ಫ್ಯಾನ್‌ನ ಎದುರು ಎಳೆ ಬಾಗಿ ಒಳಕ್ಕೆ ಹೋಯಿತು. ಮೇಲಿನ ಫ್ಯಾನ್‌ನ ಎದುರು ಅದೇ ಎಳೆ ಹೊರಕ್ಕೆ ಚದುರಿತು. ಮೇಲಿನ ಫ್ಯಾನನ್ನು ಜೋಡಿಸಿದವರು ಅದನ್ನು ಹಿಂದುಮುಂದಾಗಿ ಕೂರಿಸಿದ್ದರು. ಹಾಗಾಗಿ ಕೆಳಗಿನಿಂದ ಒಳಬಂದ ತಣ್ಣನೆಯ ಗಾಳಿಯ ಒಂದು ಪಾಲು ಪ್ರೊಸೆಸರನ್ನು ತಲುಪುವ ಮೊದಲೇ ಮುಂಭಾಗದಿಂದ ಆಚೆ ಬರುತ್ತಿತ್ತು, ಹಲಗೆಯ ಹಿಂದೆಯೇ ತಿರುಗಿ ಕೆಳಗಿನ ಫ್ಯಾನ್‌ಗೆ ಮತ್ತೆ ಸೇರುತ್ತಿತ್ತು. ಫ್ಯಾನ್‌ನ ದಿಕ್ಕನ್ನು ಗುರುತಿಸುವುದು ಕಷ್ಟವಲ್ಲ: ಮೋಟಾರನ್ನು ಹಿಡಿದಿರುವ ಕಡ್ಡಿಗಳು ಮತ್ತು ಸ್ಟಿಕರ್ ಇರುವ ಕಡೆಗೆ ಗಾಳಿ ಹೊರಬರುತ್ತದೆ, ರೆಕ್ಕೆಗಳು ಬಿಚ್ಚಾಗಿ ಕಾಣುವ ಕಡೆಯಿಂದ ಒಳಗೆ ಹೋಗುತ್ತದೆ. ದೀಪದ ಫ್ಯಾನ್‌ಗಳಲ್ಲಿ ರೆಕ್ಕೆಯ ಕಡೆಯೇ ಚೆನ್ನಾಗಿ ಕಾಣುವುದರಿಂದ ಅಂದಕ್ಕಾಗಿ ತಿರುಗಿಸಿ ಹಾಕುವ ರೂಢಿ ಇದೆ, ಆದರೆ ಮುಂಭಾಗದಲ್ಲಿ ಹೊರಗಿನಿಂದ ರೆಕ್ಕೆಯೇ ಕಾಣಬೇಕು.

ಪ್ಲಾಸ್ಟಿಕ್ ಹಲಗೆಯನ್ನು ಕತ್ತರಿಸಲು ನಿರ್ಧರಿಸಿದೆ. ಒಳಗಡೆ ಫ್ಯಾನ್‌ಗಳ ಜಾಗವನ್ನು ಪೆನ್ಸಿಲ್‌ನಲ್ಲಿ ಗುರುತಿಸಿ, ಅಂಚಿನಲ್ಲಿ ಎರಡು ಬೆರಳಗಲ ಪಟ್ಟಿ ಉಳಿಯುವಂತೆ ಆಯತ ಬರೆದು, ನಾಲ್ಕು ಮೂಲೆಗಳಲ್ಲಿ ಡ್ರಿಲ್ ತೂತು ಹಾಕಿ, ಜಿಗ್‌ಸಾದಿಂದ ಕಡಿಮೆ ವೇಗದಲ್ಲಿ ಕೊಯ್ದೆ. ವೇಗ ಹೆಚ್ಚಾದರೆ ಪ್ಲಾಸ್ಟಿಕ್ ಕರಗಿ ಬ್ಲೇಡ್‌ನ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ. ಹೊಳಪಿನ ಮೇಲ್ಮೈಗೆ ಗೀರು ಬೀಳದಂತೆ ಮಾಸ್ಕಿಂಗ್ ಟೇಪ್ ಹಚ್ಚಿದ್ದೆ. ತೆರೆದ ಜಾಗಕ್ಕೆ ಎಂ.ಜಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಿಂದ ತಂದ, ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಸೊಳ್ಳೆ ಜಾಲರಿ. ಜಾಲರಿಯ ಆಯ್ಕೆಯಲ್ಲಿ ಅವಸರ ಮಾಡಬಾರದು. ಇದರ ತಂತಿಯ ದಪ್ಪ ಕಾಲು ಎಂ.ಎಂ., ನಡುವಿನ ಕಿಂಡಿ ಒಂದೂಕಾಲು ಎಂ.ಎಂ.; ಲೆಕ್ಕ ಹಾಕಿದರೆ ಒಟ್ಟು ವಿಸ್ತಾರದ ಶೇ. 69ರಷ್ಟು ತೆರೆದೇ ಇರುತ್ತದೆ. ಬಟ್ಟೆಯಂಥ ನುಣುಪಾದ ಫಿಲ್ಟರ್ ಇದಕ್ಕಿಂತ ಹೆಚ್ಚು ಧೂಳು ಹಿಡಿಯುತ್ತದೆ ನಿಜ, ಗಾಳಿಯನ್ನೂ ಅಷ್ಟೇ ಹಿಡಿಯುತ್ತದೆ, ಮತ್ತು ಸುಗ್ಗಿಯ ಕಾಲದಲ್ಲಿ ಅದನ್ನು ಮೇಲಿಂದ ಮೇಲೆ ತೊಳೆಯದಿದ್ದರೆ ಮೊದಲಿನ ಮುಚ್ಚಿದ ಹಲಗೆಗಿಂತ ಕಡೆಯಾಗುತ್ತದೆ. ಬಲೆ ಕಟ್ಟುವ ಎಳೆಗಳನ್ನೂ ಸಿಪ್ಪೆಯ ಚೂರುಗಳನ್ನೂ ಹೊರಗೇ ನಿಲ್ಲಿಸಿದರೆ ನನಗೆ ಸಾಕಿತ್ತು. ಉಳಿದ ನುಣುಪು ಹುಡಿಯನ್ನು ವರ್ಷಕ್ಕೊಮ್ಮೆ ಬ್ಲೋವರ್‌ನಿಂದ ತೆಗೆಯಬಹುದು. ಜಾಲರಿಯನ್ನು ತೆಳು ಅಯಸ್ಕಾಂತದ ಪಟ್ಟಿಗಳ ಮೇಲೆ ಕೂರಿಸಿದ್ದರಿಂದ ಒಂದೇ ಕೈಯಲ್ಲಿ ಎಳೆದು ತೆಗೆಯಲು ಬರುತ್ತದೆ.

ಫ್ಯಾನ್‌ಗಳಾಗಿ ಆರ್ಕ್ಟಿಕ್ ಪಿ12 ಪಿಡಬ್ಲ್ಯೂಎಂ ಮೂರನ್ನು ತರಿಸಿದೆ: ಮುಂದೆ ಎರಡು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಜಾಲರಿ, ರೆಕ್ಕೆಗಳಂಥ ಅಡ್ಡಿಗಳನ್ನು ದಾಟಿ ಗಾಳಿ ತಳ್ಳಬೇಕಾದಲ್ಲಿ ಬರಿಯ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ) ಅಂಕಿ ನೋಡಿದರೆ ಸಾಲದು, ಸ್ಟ್ಯಾಟಿಕ್ ಪ್ರೆಷರ್ ಎಷ್ಟಿದೆ ಎಂದು ನೋಡಬೇಕು. ಈ ಫ್ಯಾನ್‌ನದು 2.2 ಎಂ.ಎಂ. ನೀರಿನ ಮಟ್ಟದಷ್ಟು, ನಿಮಿಷಕ್ಕೆ ಗರಿಷ್ಠ 1800 ಸುತ್ತಿನಲ್ಲಿ 56 ಸಿಎಫ್‌ಎಂ ಗಾಳಿ. ಪೆಟ್ಟಿಗೆಯ ಮೇಲಿನ ಆ 56 ಎದುರಿಗೆ ಏನೂ ಅಡ್ಡಿಯಿಲ್ಲದಾಗಿನ ಲೆಕ್ಕ, ಕ್ಯಾಬಿನೆಟ್‌ನ ಒಳಗೆ ಅದರ ಅರ್ಧದಷ್ಟು ಸಿಕ್ಕರೂ ತೃಪ್ತಿಪಡಬೇಕು. ಬೇರಿಂಗ್ ಕೂಡ ಮುಖ್ಯ. ಅಗ್ಗದ ಫ್ಯಾನ್‌ಗಳಲ್ಲಿರುವ ಸ್ಲೀವ್ ಬೇರಿಂಗ್‌ನ ಎಣ್ಣೆ ಬಿಸಿಗೆ ಒಣಗುತ್ತಾ ಬಂದಂತೆ ಗರಗರ ಸದ್ದು ಶುರುವಾಗುತ್ತದೆ, ಮಲಗಿಸಿ ಕೂರಿಸಿದರೆ ಇನ್ನೂ ಬೇಗ. ಫ್ಲೂಯಿಡ್ ಡೈನಾಮಿಕ್ ಬೇರಿಂಗ್‌ನಲ್ಲಿ ಎಣ್ಣೆಯ ಪದರವೇ ದಂಡವನ್ನು ಎತ್ತಿ ಹಿಡಿಯುವುದರಿಂದ ಸವೆತ ಕಡಿಮೆ.

ಎಷ್ಟು ಗಾಳಿ ಬೇಕು ಎಂಬ ಲೆಕ್ಕದಲ್ಲಿ ನಮ್ಮ ಊರಿನ ಎತ್ತರವೂ ಸೇರುತ್ತದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಮೇಲಿದೆ, ಇಲ್ಲಿಯ ಗಾಳಿಯ ಸಾಂದ್ರತೆ ಮಂಗಳೂರಿನದಕ್ಕಿಂತ ಸುಮಾರು ಶೇ. 12ರಷ್ಟು ಕಡಿಮೆ. ಫ್ಯಾನ್ ಒಂದು ಸುತ್ತಿಗೆ ತಳ್ಳುವ ಗಾಳಿಯ ಗಾತ್ರ ಎರಡೂ ಊರಿನಲ್ಲಿ ಒಂದೇ, ಆದರೆ ಶಾಖವನ್ನು ಹೊರುವುದು ಗಾಳಿಯ ತೂಕವೇ ಹೊರತು ಗಾತ್ರವಲ್ಲ. 250 ವಾಟ್ ಶಾಖವನ್ನು, ಒಳಗಿನ ಗಾಳಿ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗದಂತೆ ಹೊರಸಾಗಿಸಲು ಕಡಲ ತೀರದಲ್ಲಿ ಸುಮಾರು 45 ಸಿಎಫ್‌ಎಂ ಸಾಕು, ಇಲ್ಲಿ ಸುಮಾರು 51 ಬೇಕು. ವ್ಯತ್ಯಾಸ ದೊಡ್ಡದಲ್ಲ, ನಮ್ಮ ತಣ್ಣನೆಯ ಹವೆ ಅದನ್ನು ವರ್ಷದ ಹೆಚ್ಚಿನ ಕಾಲ ಸರಿದೂಗಿಸುತ್ತದೆ. ಆದರೂ ಅಂಚಿನಲ್ಲಿ ಓಡುವ ಯಂತ್ರಕ್ಕೆ ಮಾರ್ಚ್, ಏಪ್ರಿಲ್‌ನಲ್ಲಿ ಈ ಪಾಲು ಗಮನಕ್ಕೆ ಬರುತ್ತದೆ. ಮುಂದಿನ ಎರಡು ಫ್ಯಾನ್‌ಗಳು ಸುಮಾರಾದ ವೇಗದಲ್ಲಿಯೇ ಅಷ್ಟು ಗಾಳಿ ಕೊಡುತ್ತವೆ ಎಂಬ ಭರವಸೆಯಿಂದ ಮೂರಕ್ಕಿಂತ ಹೆಚ್ಚು ಫ್ಯಾನ್ ಕೊಳ್ಳಲಿಲ್ಲ.

ಎರಡು ಒಳಕ್ಕೆ, ಒಂದು ಹೊರಕ್ಕೆ ಎಂಬ ಜೋಡಣೆಗೆ ಧೂಳೇ ಕಾರಣ. ಒಳಬರುವ ಗಾಳಿ ಹೆಚ್ಚಿದ್ದರೆ ಕ್ಯಾಬಿನೆಟ್‌ನ ಒಳಗೆ ಒತ್ತಡ ತುಸು ಹೆಚ್ಚಿರುತ್ತದೆ, ಹೆಚ್ಚಾದ ಗಾಳಿ ಎಲ್ಲ ಸಂದುಗಳಿಂದ ಹೊರಕ್ಕೆ ಸೋರುತ್ತದೆ. ಹೊರಹೋಗುವುದೇ ಹೆಚ್ಚಾದರೆ ಅದೇ ಸಂದುಗಳು ಜಾಲರಿಯಿಲ್ಲದ ಬಾಯಿಗಳಾಗಿ ಧೂಳನ್ನು ಒಳಗೆಳೆಯುತ್ತವೆ. ಕ್ಯಾಬಿನೆಟ್‌ನ ತಲೆಯ ಮೇಲಿದ್ದ ಎರಡು ಫ್ಯಾನ್‌ಗಳ ಜಾಗದಲ್ಲಿ ಮುಂದಿನದನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಬಿಟ್ಟೆ, ಏಕೆಂದರೆ ಮುಂದಿನ ಫ್ಯಾನ್ ಒಳತಂದ ತಣ್ಣನೆಯ ಗಾಳಿ ಪ್ರೊಸೆಸರ್‌ವರೆಗೆ ಹೋಗದೆ ಅಲ್ಲಿಂದಲೇ ಮೇಲಕ್ಕೆ ತಪ್ಪಿಸಿಕೊಳ್ಳುತ್ತದೆ. ವೈರ್‌ಗಳನ್ನು ಬೋರ್ಡ್‌ನ ಹಿಂದಕ್ಕೆ ಸರಿಸಿ ಕಟ್ಟಿದೆ. ಮತ್ತೆ ಊದುಬತ್ತಿ ಹಚ್ಚಿ ನೋಡಿದಾಗ ಜಾಲರಿಯ ಯಾವ ಭಾಗದಲ್ಲಿ ಹಿಡಿದರೂ ಹೊಗೆಯ ಎಳೆ ನೇರವಾಗಿ ಒಳಗೆ ಹೋಯಿತು, ಹಿಂಭಾಗದ ಕಾರ್ಡ್‌ಗಳ ಸಂದಿನಲ್ಲಿ ಹೊರಕ್ಕೆ ಬಾಗಿತು.

ಹಳೆಯ ಕೂಲರ್ ಇನ್ನೂ ಹಾಗೆಯೇ ಇರುವಾಗ, ಗಾಳಿಯ ಹಾದಿಯೊಂದನ್ನೇ ಬದಲಿಸಿದ್ದರಿಂದ ಪ್ರೊಸೆಸರ್ 90ರಿಂದ 82ಕ್ಕೆ, ಗ್ರಾಫಿಕ್ಸ್ ಕಾರ್ಡ್ 77ರಿಂದ 69ಕ್ಕೆ ಇಳಿದವು. ಕಾರ್ಡ್‌ನ ಅಂಕಿ ಬಾಗಿಲು ತೆಗೆದಿಟ್ಟಾಗಿನ 72ಕ್ಕಿಂತಲೂ ಕಡಿಮೆ ಎಂಬುದನ್ನು ಗಮನಿಸಬೇಕು. ತೆರೆದ ಕ್ಯಾಬಿನೆಟ್‌ನಲ್ಲಿ ಗಾಳಿ ಸುಮ್ಮನೆ ಇರುತ್ತದೆ. ಮುಚ್ಚಿದ, ಹಾದಿ ಸರಿಯಿರುವ ಕ್ಯಾಬಿನೆಟ್‌ನಲ್ಲಿ ಅದು ಕಾರ್ಡ್‌ನ ಅಡಿಯಿಂದ ಹರಿಯುತ್ತದೆ.

ಕೊನೆಗೆ ಕೂಲರ್ ಬದಲಿಸಿದೆ. ಡೀಪ್‌ಕೂಲ್ ಎಕೆ400: ನಾಲ್ಕು ಹೀಟ್‌ಪೈಪ್‌ಗಳ, 155 ಎಂ.ಎಂ. ಎತ್ತರದ ಗೋಪುರ. ಕ್ಯಾಬಿನೆಟ್‌ನಲ್ಲಿ 160 ಎಂ.ಎಂ.ವರೆಗೆ ಜಾಗವಿದೆ ಎಂದು ಅಳೆದೇ ತರಿಸಿದ್ದು. ಹೀಟ್‌ಪೈಪ್‌ಗಳ ಒಳಗೆ ಗಾಳಿ ತೆಗೆದು ಸ್ವಲ್ಪವೇ ದ್ರವ ತುಂಬಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಅದು ಪ್ರೊಸೆಸರ್‌ನ ಬಳಿ ಸುಲಭವಾಗಿ ಆವಿಯಾಗಿ, ಮೇಲೆ ರೆಕ್ಕೆಗಳ ನಡುವೆ ತಣಿದು ದ್ರವವಾಗಿ, ಕೊಳವೆಯ ಒಳಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಮತ್ತೆ ಕೆಳಗೆ ಬರುತ್ತದೆ. ಹಳೆಯ ಚಪ್ಪಟೆ ಕೂಲರ್ ಬಿಸಿಗಾಳಿಯನ್ನು ಬೋರ್ಡ್‌ನ ಮೇಲೆ ಎಲ್ಲ ದಿಕ್ಕಿಗೂ ಚೆಲ್ಲುತ್ತಿದ್ದರೆ, ಈ ಗೋಪುರ ಮುಂದಿನಿಂದ ತೆಗೆದುಕೊಂಡು ನೇರವಾಗಿ ಹಿಂದಿನ ಫ್ಯಾನ್‌ನ ಬಾಯಿಗೆ ಕೊಡುತ್ತದೆ. ಕೂರಿಸುವಾಗ ಎರಡು ತಿರುಪುಗಳನ್ನೂ ಸರದಿಯಂತೆ ಒಂದೆರಡು ಸುತ್ತು ಬಿಗಿಯುತ್ತಾ ಹೋಗಬೇಕು. ಒಂದನ್ನೇ ಪೂರ್ತಿ ಬಿಗಿದರೆ ಪೇಸ್ಟ್ ಒಂದು ಕಡೆಗೆ ಒತ್ತಿಕೊಳ್ಳುತ್ತದೆ. ಪ್ರೊಸೆಸರ್ 63 ಡಿಗ್ರಿಗೆ ಬಂತು.

ಇಷ್ಟು ಅಂತರ ಸಿಕ್ಕ ಮೇಲೆ ಫ್ಯಾನ್‌ಗಳನ್ನು ಪೂರ್ತಿ ಓಡಿಸುವ ಅಗತ್ಯವಿರಲಿಲ್ಲ. ಫ್ಯಾನ್‌ನ ವೇಗಕ್ಕೆ ತಕ್ಕಂತೆ ಗಾಳಿ ಏರುತ್ತದೆ, ಆದರೆ ಅದು ನುಂಗುವ ವಿದ್ಯುತ್ತು ವೇಗದ ಘನದಂತೆ ಏರುತ್ತದೆ, ಸದ್ದು ಅದಕ್ಕಿಂತಲೂ ಬೇಗ. ವೇಗವನ್ನು ಶೇ. 60ಕ್ಕೆ ಇಳಿಸಿದರೆ ಗಾಳಿ ಶೇ. 60ರಷ್ಟು ಉಳಿಯುತ್ತದೆ, ಸದ್ದು ಸುಮಾರು 11 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ಪಿನ್‌ನ ಫ್ಯಾನ್‌ಗಳನ್ನು ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಪಿಡಬ್ಲ್ಯೂಎಂ (ವೋಲ್ಟೇಜ್ ತಗ್ಗಿಸದೆ ಸಂಕೇತದಿಂದ ವೇಗ ಹೊಂದಿಸುವ ವಿಧಾನ) ಎಂದೇ ಆರಿಸಬೇಕು. ಡಿಸಿ ಎಂದಿದ್ದರೆ ವೋಲ್ಟೇಜ್ ತಗ್ಗಿ ಕಡಿಮೆ ವೇಗದಲ್ಲಿ ಕೆಲವು ಫ್ಯಾನ್‌ಗಳು ನಿಂತೇ ಹೋಗುತ್ತವೆ. ಮುಂದಿನ ಎರಡನ್ನು ಮದರ್‌ಬೋರ್ಡ್‌ನ ಒಂದೇ ಹೆಡರ್‌ಗೆ (ಫ್ಯಾನ್ ಜೋಡಿಸುವ ಪಿನ್‌ಗಳಿಗೆ) ಸ್ಪ್ಲಿಟರ್‌ನಿಂದ ಕೊಟ್ಟಿದ್ದೇನೆ. ಸಾಮಾನ್ಯವಾಗಿ ಒಂದು ಹೆಡರ್ 1 ಆಂಪಿಯರ್‌ವರೆಗೆ ತಾಳುತ್ತದೆ, ಇಂಥ ಫ್ಯಾನ್‌ಗಳಿಗೆ ಅದು ಧಾರಾಳ. ಕ್ಯಾಬಿನೆಟ್ ಫ್ಯಾನ್‌ಗಳು ಪ್ರೊಸೆಸರ್‌ನ ತಾಪಮಾನವನ್ನಷ್ಟೇ ಅನುಸರಿಸಿದರೆ ಗ್ರಾಫಿಕ್ಸ್ ಕಾರ್ಡ್ ಒಂದೇ ದುಡಿಯುವಾಗ ಅವು ಮಲಗಿರುತ್ತವೆ. ಅದಕ್ಕಾಗಿ ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡರಲ್ಲಿ ಯಾವುದು ಹೆಚ್ಚು ಬಿಸಿಯೋ ಅದನ್ನು ಅನುಸರಿಸುವಂತೆ ಹೊಂದಿಸಿ, ತಾಪಮಾನದ ಕ್ಷಣಿಕ ಏರಿಳಿತಕ್ಕೆಲ್ಲ ಫ್ಯಾನ್ ಸದ್ದು ಏರಿಳಿಯದಂತೆ ಕೆಲವು ಸೆಕೆಂಡ್‌ಗಳ ತಡ ಕೊಟ್ಟೆ. ಈಗ ರೆಂಡರ್‌ನ ಹೊತ್ತಿನಲ್ಲಿ ಮುಂದಿನ ಫ್ಯಾನ್‌ಗಳು 900 ಸುತ್ತಿನಲ್ಲಿ ಓಡುತ್ತವೆ, ಪ್ರೊಸೆಸರ್ 66, ಕಾರ್ಡ್ 72 ಡಿಗ್ರಿಯಲ್ಲಿ ನಿಲ್ಲುತ್ತವೆ, ವೇಗ ಇಳಿಯುವುದಿಲ್ಲ. ಹೊಸ ಪ್ರೊಸೆಸರ್‌ನ ಮಾತು ನಿಂತಿದೆ.

ಬಿಸಿಲಿನ ಕಾಲ ಮುಗಿದರೆ ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಬೇರೆ ಬಗೆಯ ಎಚ್ಚರ ಬೇಕು. ಆಗ ತಾಪಮಾನ ತೊಂದರೆಯಲ್ಲ, ತೇವ ತೊಂದರೆ. ಬೋರ್ಡ್‌ನ ಮೇಲೆ ಕುಳಿತ ಧೂಳು ತೇವವನ್ನು ಹೀರಿಕೊಂಡು ಪಿನ್‌ಗಳ ನಡುವೆ ವಿದ್ಯುತ್ ಸೋರುವ ಹಾದಿಯಾಗಬಹುದು, ಲೋಹಕ್ಕೆ ಕಿಲುಬು ಹಿಡಿಸಬಹುದು. ಆದ್ದರಿಂದ ಮಳೆ ಹಿಡಿಯುವ ಮೊದಲೇ, ಮೇ ಕೊನೆಯೊಳಗೆ, ಒಳಗಿನ ಧೂಳನ್ನು ಪೂರ್ತಿ ತೆಗೆಯಬೇಕು. ಕೆಲಸವಿಲ್ಲದ ದಿನವೂ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿದರೆ ಒಳಗಿನ ಗಾಳಿ ಕೋಣೆಗಿಂತ ಬೆಚ್ಚಗಾಗಿ ತೇವ ಕುಳಿತುಕೊಳ್ಳುವುದಿಲ್ಲ.

ಜಾಲರಿಯನ್ನು ತೊಳೆಯುವುದಕ್ಕೆ ದಿನಾಂಕ ಇಟ್ಟುಕೊಂಡಿಲ್ಲ, ಫ್ಯಾನ್‌ನ ಸುತ್ತನ್ನೇ ಗುರುತಾಗಿ ಇಟ್ಟುಕೊಂಡಿದ್ದೇವೆ. ಹೆಚ್ಚುಕಡಿಮೆ ಇದೇ ಹವೆಯಲ್ಲಿ ಅದೇ ರೆಂಡರ್‌ಗೆ ಮುಂದಿನ ಫ್ಯಾನ್‌ಗಳು 900ರ ಬದಲು 1050 ದಾಟಿದರೆ ಜಾಲರಿ ಕಟ್ಟಿದೆ ಎಂದರ್ಥ. ಆಗ ಅದನ್ನು ಎಳೆದು ತೆಗೆದು, ಹಿಂಭಾಗದಿಂದ ನಲ್ಲಿ ನೀರು ಬಿಟ್ಟು, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಮಾತ್ರ ವಾಪಸು ಕೂರಿಸುತ್ತೇವೆ. ಕಣದಲ್ಲಿ ಚೆರ್ರಿ ಗುಡ್ಡೆ ಮಾಡುವ ದಿನಗಳಲ್ಲಿ ಆ ಕಡೆಯ ಕಿಟಕಿಯನ್ನು ಮುಚ್ಚಿ, ಹಿಂದಿನ ಬಾಗಿಲ ಕಡೆಯಿಂದ ಕೋಣೆಗೆ ಗಾಳಿ ಬಿಡುತ್ತೇವೆ.